ಹನ್ನೆರಡು ಸ್ಟೂಲುಗಳು

“ಕೂತ್ಕೊಳ್ರಮ್ಮಾ, ಕೂತ್ಕೊಳ್ಳಿ! ಇವತ್ತು ಯಾರಾದ್ರೂ ನಿಂತಿದ್ದು ಕಣ್ಣಿಗೆ ಬಿತ್ತೋ, ನೋಡಿ ಮತ್ತೆ!”

ಬಟ್ಟೆ ಅಂಗಡಿಯ ಮ್ಯಾನೇಜರ್ ಅಟ್ಟದ ಕಂಬಿಯ ಮೇಲಿಂದ ಬಗ್ಗಿ ಕೂಗಿದ. ಅಲ್ಲಿಂದಲೇ ಇಡೀ ಅಂಗಡಿಯ ಮೇಲೆ ಕಣ್ಣಿಡುತ್ತಿದ್ದ ಅವನಿಗೆ ಹೆಂಗಸರು ಇಟ್ಟ ಹೆಸರು ದುರ್ಬೀನು. ಅವನ ಬಾಯಿಂದ ‘ಕೂತ್ಕೊಳ್ಳಿ’ ಎಂಬ ಮಾತನ್ನು ಪರದೆ ವಿಭಾಗದ ಅಕ್ಕ ಹನ್ನೊಂದು ವರ್ಷದಲ್ಲಿ ಕೇಳಿದ್ದು ಇದೇ ಮೊದಲು.

ಹನ್ನೆರಡು ಕೌಂಟರುಗಳ ಹಿಂದೆ ಹನ್ನೆರಡು ನೀಲಿ ಪ್ಲಾಸ್ಟಿಕ್ ಸ್ಟೂಲುಗಳು ಇವತ್ತು ಜಾಗಕ್ಕೆ ಬಂದಿದ್ದವು.

“ನಮಗಿಂತ ಮುಂಚೆ ಅವೇ ಕೂತ್ಬಿಟ್ಟಿವೆ, ನೋಡಕ್ಕಾ,” ಎಂದಳು ಪಕ್ಕದ ಕಾಲುಚೀಲದ ಕೌಂಟರಿನ ಚೋಟಿ. ಕೆಲಸಕ್ಕೆ ಸೇರಿ ಎರಡು ವರ್ಷವಾಗಿದ್ದರೂ ನಗುವುದನ್ನು ಇನ್ನೂ ಬಿಟ್ಟಿರಲಿಲ್ಲ.

ಅಕ್ಕನ ಬಲಗಾಲಿನ ನರಗಳು ಗಂಟುಗಂಟಾಗಿ ಉಬ್ಬಿ, ಹಿಮ್ಮಡಿಯ ಮೇಲೆ ಹುಣ್ಣಾಗಿ ವರ್ಷವಾಗಿತ್ತು. “ನಿಂತು ಕೆಲಸ ಮಾಡೋದು ಬಿಡಿ, ಇಲ್ಲಾಂದ್ರೆ ಕಾಲಿನ ಆಸೆ ಬಿಡಿ” ಎಂದಿದ್ದರು ಡಾಕ್ಟರು. ಒಂದು ಸ್ಟೂಲ್ ಕೊಡಿ ಎಂದು ಕೇಳಲು ಹೋದಾಗ ದುರ್ಬೀನು, “ಸ್ಟೂಲಾ? ಲ್ಯಾಬಿಗೆ ಹೋಗಿ. ಡಬ್ಬಿ ಅವರೇ ಕೊಡ್ತಾರೆ, ತುಂಬಿಸ್ಕೊಂಡು ಬಂದ್ರಾಯ್ತು” ಎಂದ. ಕ್ಯಾಶಿನಲ್ಲಿದ್ದ ಗಂಡಸರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅಕ್ಕ ಅಂದೇ ಕಾರ್ಮಿಕ ಇಲಾಖೆಗೆ ಅರ್ಜಿ ಬರೆದಳು.

ಇಲಾಖೆಯಿಂದ ಆದೇಶ ಬಂತು, ಸ್ಟೂಲುಗಳೂ ಬಂದವು. ಒಂದರ ಮೇಲೆ ಕೋಟು ತೊಟ್ಟ ಬೊಂಬೆ ನಿಂತಿತು. ಇನ್ನೊಂದರ ಮೇಲೆ ಟೇಬಲ್ ಫ್ಯಾನು. ಗಿರಾಕಿಗಳ ಚೀಲಕ್ಕೆ ಎರಡು, ದುರ್ಬೀನಿನ ಊಟದ ಡಬ್ಬಿಗೆ ಒಂದು, ಉಳಿದವು ಮೇಲಿನ ಕಪಾಟಿನ ಬಟ್ಟೆಯ ಥಾನು ಇಳಿಸಲು ಹತ್ತುವುದಕ್ಕೆ. ಹೆಂಗಸರು ಕೂತರೆ ಮಾತ್ರ ಅಟ್ಟದಿಂದ ಶಿಳ್ಳೆ ಬರುತ್ತಿತ್ತು. ಅಕ್ಕ ಮತ್ತೆ ಬರೆದಳು. ಅದಕ್ಕೇ ಇವತ್ತು ಇಲಾಖೆಯ ಸಾಹೇಬರು ಖುದ್ದು ಬರುವವರಿದ್ದರು.

“ಇವತ್ತೊಂದಿನ ಕೂರಿಸಿದಾರೆ ಅಂತ ನಾನು ಹೇಳ್ತೀನಿ. ನೀವು ಹೂಂ ಅನ್ನಿ ಸಾಕು,” ಎಂದು ಅಕ್ಕ ಎಲ್ಲರಿಗೂ ಹೇಳಿಟ್ಟಿದ್ದಳು. “ಕೂತ್ಕೊಂಡೇ ಮಾತಾಡೋಣ. ಗೊತ್ತಾಯ್ತಾ?”

ಅವಳು ಕೂತಳು. ಕಾಲಿನಿಂದ ಭಾರ ಇಳಿಯುತ್ತಿದ್ದಂತೆ ಕಣ್ಣು ತಾನಾಗಿ ಮುಚ್ಚಿಕೊಂಡಿತು.

ಗಾಜಿನ ಬಾಗಿಲು ತಳ್ಳಿಕೊಂಡು ಸಾಹೇಬರು ಒಳಗೆ ಬಂದರು. ಕಂಕುಳಲ್ಲಿ ಫೈಲು, ಹಣೆಯ ಮೇಲೆ ಬೆವರು. ಅಕ್ಕ ಎದ್ದು ನಿಂತಳು. ಅವಳ ಹಿಂದೆಯೇ ಚೋಟಿ ಎದ್ದಳು, ಶರಟಿನ ಕೌಂಟರಿನವಳು ಎದ್ದಳು, ಕೊನೆಯ ಕೌಂಟರಿನ ತನಕ ಎಲ್ಲರೂ ಎದ್ದರು. ಅಷ್ಟಕ್ಕೇ ನಿಲ್ಲದೆ ಅಕ್ಕನ ಕೈ ಸ್ಟೂಲನ್ನು ಮುಂದಕ್ಕೆಳೆದು, ಸೆರಗಿನಿಂದ ಒರೆಸಿತು; “ಕೂತ್ಕೊಳ್ಳಿ ಸಾರ್” ಎಂದಿತು ಬಾಯಿ.

ಮೆಟ್ಟಿಲ ಮೇಲಿದ್ದ ದುರ್ಬೀನಿನ ಮುಖ ಒಂದು ಗಳಿಗೆ ಕಪ್ಪಿಟ್ಟಿತು. ಆಮೇಲೆ ಅರಳಿತು. “ನೋಡಿ ಸಾರ್, ಕೊಟ್ರೂ ಕೂರಲ್ಲ ಇವರು. ದೊಡ್ಡೋರು ಚಿಕ್ಕೋರು ಅನ್ನೋದು ಬಲ್ಲೋರು!”

ಸಾಹೇಬರು ಕೂತು ಫೈಲು ಬಿಚ್ಚಿದರು. “ಅರ್ಜಿ ಬರೆದೋರು ಯಾರಮ್ಮಾ?”

“ನಾನೇ ಸಾರ್. ಇದು ಇವತ್ತೊಂದಿನದ ಆಟ. ದಿನಾ ಕೂರಕ್ಕೆ ಬಿಡಲ್ಲ.”

“ಇವತ್ತು ಬಿಟ್ಟಿದ್ರಲ್ಲ? ನಾನು ಬಂದಾಗ ಏಳಿ ಅಂತ ಯಾರಾದ್ರೂ ಅಂದ್ರಾ?”

ಹನ್ನೊಂದು ಹೆಂಗಸರು ಅಕ್ಕನ ಮುಖ ನೋಡುತ್ತಿದ್ದರು. ಅಂದವರು ಯಾರೂ ಇರಲಿಲ್ಲ.

“ಈ ಕಾಲು ನೋಡಿ ಸಾರ್,” ಎಂದು ಸೀರೆಯ ಅಂಚನ್ನು ಗೇಣುದ್ದ ಎತ್ತಿದಳು.

“ಅಯ್ಯೋ ಬೇಡಮ್ಮ! ಅದನ್ನ ಡಾಕ್ಟ್ರಿಗೆ ತೋರಿಸಿ.” ಸಾಹೇಬರು ಮುಖ ತಿರುಗಿಸಿಕೊಂಡೇ ಬರೆದರು, ಬರೆದದ್ದನ್ನು ಗಟ್ಟಿಯಾಗಿ ಓದಿದರು. ಆಸನಗಳನ್ನು ಒದಗಿಸಲಾಗಿದೆ. ಸಿಬ್ಬಂದಿ ಸ್ವ-ಇಚ್ಛೆಯಿಂದ ನಿಂತು ಕೆಲಸ ಮಾಡುತ್ತಾರೆ. ದೂರನ್ನು ಮುಕ್ತಾಯಗೊಳಿಸಲಾಗಿದೆ.

ಅವರು ಹೊರಟಾಗ ಏಳಬೇಕಾದ ಕಷ್ಟ ಯಾರಿಗೂ ಇರಲಿಲ್ಲ.

“ಕೂತ್ಕೊಂಡೇ ಮಾತಾಡೋಣ ಅಂದ್ಯಲ್ಲಕ್ಕಾ!” ಎಂದಳು ಚೋಟಿ. ಸಿಟ್ಟಿಗೆ ಅವಳ ದನಿ ಒಡೆದಿತ್ತು. “ನೀನು ಕೂತಿದ್ದಿದ್ರೆ ನಾವೂ ಕೂತಿರ್ತಿದ್ವಿ.”

“ಹೂಂ ಕಣೇ.”

“ಹೂಂ ಅಂತಾಳೆ!”

ಅಷ್ಟರಲ್ಲಿ ಗಿರಾಕಿಯೊಬ್ಬಳು ಬಂದು ಕೌಂಟರಿಗೆ ಚೀಲ ಆನಿಸಿದಳು. “ಕಿಟಕಿಗೆ ಪರದೆ ಬಟ್ಟೆ ಬೇಕಿತ್ತು. ಆ ಮೇಲಿರೋ ಹಸಿರುದು ತೋರಿಸಿ.”

ಅಕ್ಕ ಸ್ಟೂಲನ್ನು ಕಪಾಟಿನ ಬುಡಕ್ಕೆ ಎಳೆದಳು.

“ಇರಕ್ಕಾ, ನಾನು ಹತ್ತುತೀನಿ.”

“ನಿನ್ನ ಕೈಗೆ ಎಟುಕಲ್ಲ ಕಣೇ, ಬಿಡು.”

ಎಡಗಾಲಿಟ್ಟು, ಕಪಾಟು ಹಿಡಿದು, ಬಲಗಾಲನ್ನು ಮೇಲಕ್ಕೆಳೆದುಕೊಂಡಳು. ಸ್ಟೂಲ್ ಅಲ್ಲಾಡಿತು. ಚೋಟಿ ಮಂಡಿಯೂರಿ ಅದನ್ನು ತಬ್ಬಿ ಹಿಡಿದಳು.

“ಅದಲ್ಲ, ಅದರಾಚೆಯದು,” ಎಂದಳು ಗಿರಾಕಿ.

ಅಕ್ಕ ತುದಿಗಾಲಲ್ಲಿ ನಿಂತು ಕೈ ಚಾಚಿದಳು. ಹುಣ್ಣಿಗೆ ಸುತ್ತಿದ್ದ ಬಟ್ಟೆಯ ತುದಿ ಬಿಚ್ಚಿ ಚೋಟಿಯ ಕೆನ್ನೆಯ ಪಕ್ಕದಲ್ಲಿ ಜೋತಾಡಿತು. ಅವಳು ಒಂದು ಕೈಯನ್ನು ಸ್ಟೂಲಿನಿಂದ ತೆಗೆಯದೆ, ಇನ್ನೊಂದರಿಂದ ಆ ಬಟ್ಟೆಯನ್ನು ಮೆಲ್ಲಗೆ ಸುತ್ತತೊಡಗಿದಳು.