ಚಿಕ್ಕಮ್ಮನ ಕೊನೆಯ ಸೂಜಿ

ಮಾತ್ರೆ ಗಂಟಲಿಳಿದ ಮೇಲೆಯೇ ಅವಳಿಗೆ ಚಿಕ್ಕಮ್ಮನ ಎಚ್ಚರಿಕೆ ನೆನಪಾಯಿತು. ನೀರಿನ ಲೋಟ ಕೈಯಲ್ಲೇ ಉಳಿಯಿತು.

“ದೊಡ್ಡಮ್ಮ, ಈಗೇನು ಕೊಟ್ರಿ ನಂಗೆ?”

“ಇನ್ನೇನು, ತಲೆನೋವಿಗೆ ಮಾತ್ರೆ. ಬೆಳಗ್ಗಿಂದ ಅತ್ತೂ ಅತ್ತೂ ತಲೆ ಹಿಡ್ಕೊಂಡು ಕೂತಿದ್ಯಲ್ಲ!”

ನುಂಗಬಹುದಿತ್ತೋ ಇಲ್ಲವೋ ಕೇಳೋಣವೆಂದರೆ, ಕೇಳಬೇಕಾದ ಚಿಕ್ಕಮ್ಮನೇ ನಡುಮನೆಯಲ್ಲಿ ಬಿಳಿ ಬಟ್ಟೆ ಹೊದ್ದು ಮಲಗಿದ್ದಾಳೆ. ಮಕ್ಕಳಾಗದವರು ಬರುವ ಆಸ್ಪತ್ರೆಯಲ್ಲಿ ನರ್ಸಾಗಿದ್ದವಳು. ಅಲ್ಲಿ ಎಲ್ಲರ ಬಾಯಲ್ಲೂ ಸೂಜಿಯಮ್ಮ.

“ಚುಚ್ಚಿದ್ದೇ ಗೊತ್ತಾಗ್ತಿರ್ಲಿಲ್ಲ ಕಣ್ರೀ,” ಎಂದು ಆಸ್ಪತ್ರೆಯ ಆಯಾ ಮೂಗೊರೆಸಿಕೊಂಡಳು. “ಬಯ್ಯೋದು ಮಾತ್ರ ಮೂರು ಬೀದಿಗೆ ಕೇಳ್ತಿತ್ತು.” ಅಳುವಿನ ನಡುವೆಯೂ ಯಾರೋ ನಕ್ಕರು.

*

ಮೊನ್ನೆ ಸಂಜೆ ಆ ಸೂಜಿ ಬಿದ್ದದ್ದು ಅವಳ ಹೊಟ್ಟೆಗೇ. ಮಗುವಿಗಾಗಿ ಇದೇ ಕೊನೆಯ ಪ್ರಯತ್ನವೆಂದು ಡಾಕ್ಟರು ಮೊದಲೇ ಹೇಳಿಬಿಟ್ಟಿದ್ದರು.

“ಇನ್ನು ಮೊಟ್ಟೆ ಒಡ್ಕೊಂಡು ಬರತ್ತಾ ಚಿಕ್ಕಮ್ಮ?”

“ಒಡೆಯೋಕೆ ಅದೇನು ಬಲೂನಾ? ಮೊಟ್ಟೆ ಕೂತಿರೋ ಚೀಲಕ್ಕೆ ಗಟ್ಟಿ ಗೋಡೆ ಇರತ್ತೆ. ಈ ಸೂಜಿ ಬಿದ್ಮೇಲೆ ನಿನ್ನ ಮೈಯೇ ಕಿಣ್ವಗಳನ್ನ ಬಿಡತ್ತೆ. ಅವು ಗೋಡೆಯ ನಾರನ್ನ ಒಂದು ಕಡೆ ಕರಗಿಸ್ತಾ, ತೆಳ್ಳಗೆ ಮಾಡ್ತಾ ಹೋಗ್ತವೆ. ಬಿರಿಯುವಾಗ ಕೆಲವರಿಗೆ ಚುಳ್ಳನ್ನತ್ತೆ, ಅಷ್ಟೇ.” ಚಿಕ್ಕಮ್ಮ ಬೆರಳೆತ್ತಿದಳು. “ನೋವಿನ ಮಾತ್ರೆ ಮಾತ್ರ ಮುಟ್ಟಬೇಡ. ಊತ ಇಳಿಸೋ ಆ ಮಾತ್ರೆ ಈ ಕೆಲಸಾನೇ ನಿಲ್ಲಿಸಿಬಿಡಬಹುದು. ಗೋಡೆ ಹಾಗೇ ಉಳಿದ್ರೆ ಮೊಟ್ಟೆ ಒಳಗೇ ಸಮಾಧಿ.”

ಮರುದಿನ ಮಧ್ಯಾಹ್ನ ಬಟ್ಟೆ ಮಡಿಸುತ್ತಿದ್ದ ಚಿಕ್ಕಮ್ಮ ಕುಸಿದಳು. ಮತ್ತೆ ಏಳಲಿಲ್ಲ.

*

“ಯಾವ ಮಾತ್ರೆ? ತೋರಿಸಿ!” ಅವಳ ಕೂಗಿಗೆ ಎಲ್ಲರೂ ತಿರುಗಿ ನೋಡಿದರು. ಒಳಗಿನ ಗೋಡೆ ಕರಗುವುದು ಈಗಲೇ ನಿಂತುಹೋಯಿತೇನೋ ಎಂದು ಅವಳು ಹೊಟ್ಟೆಯ ಮೇಲೆ ಕೈಯಿಟ್ಟಳು.

“ನಿನ್ನ ಚಿಕ್ಕಮ್ಮನ ಬ್ಯಾಗಲ್ಲೇ ಇತ್ತಮ್ಮ. ಮಂಡಿನೋವಿಗೆ ವರ್ಷಗಟ್ಲೆ ಮಾತ್ರೆ ನುಂಗಿದೋಳು, ಬ್ಯಾಗ್ ತುಂಬಾ ಅದೇ ಅಲ್ವಾ?”

ಬ್ಯಾಗನ್ನು ನೆಲಕ್ಕೆ ಸುರಿದಳು. ಬಾಚಣಿಗೆ, ಹತ್ತಿ, ಕನ್ನಡಕ, ಜ್ವರದ ಮಾತ್ರೆ. ತಡಕಿದಳು, ಒದರಿದಳು. ನೋವಿನ ಮಾತ್ರೆ ಒಂದೂ ಇಲ್ಲ.

“ಅದನ್ನೆಲ್ಲ ಹೋದ ವಾರವೇ ನನ್ನ ಕೈಗೆ ಹಾಕಿಬಿಟ್ರು,” ಎಂದಳು ಆಯಾ. “‘ನಮ್ಮ ಹುಡುಗಿ ಮರೆತು ನುಂಗಿಬಿಟ್ಟಾಳು, ಮನೇಲಿ ಇರೋದೇ ಬೇಡ, ಜ್ವರದ ಮಾತ್ರೆಯಾದ್ರೆ ತೊಂದ್ರೆ ಇಲ್ಲ’ ಅಂದ್ರು. ಆಮೇಲೆ ಕುಂಟ್ಕೊಂಡೇ ಓಡಾಡಿದ್ರು, ಪಾಪ.”

ಕುರ್ಚಿಯ ಮೇಲೆ ಚಿಕ್ಕಮ್ಮ ಮಂಡಿಗೆ ಒತ್ತಿಕೊಳ್ಳುತ್ತಿದ್ದ ಬಿಸಿನೀರಿನ ಚೀಲ ಬಿದ್ದಿತ್ತು. ಹೊರಗೆ ಗಾಡಿ ಬಂದು ನಿಂತಿತು. ನಾಲ್ವರು ಬಗ್ಗಿ ಚಿಕ್ಕಮ್ಮನನ್ನು ಎತ್ತುತ್ತಿದ್ದಂತೆ ಅವಳ ಕಿಬ್ಬೊಟ್ಟೆಯ ಬಲಗಡೆ ಚುಳ್ಳೆಂದಿತು. ಅವಳು ಉಸಿರು ಬಿಗಿಹಿಡಿದಳು.

“ಏನೇ? ಇನ್ನೊಂದು ಮಾತ್ರೆ ಕೊಡ್ಲಾ?”

“ಬೇಡ ದೊಡ್ಡಮ್ಮ. ನೋಯಲಿ.”

ತಣ್ಣಗಾಗಿದ್ದ ಆ ಚೀಲವನ್ನು ಹೊಟ್ಟೆಗೊತ್ತಿಕೊಂಡು ಗಾಡಿಯ ಹಿಂದೆ ನಡೆದಳು.