ಎರಡು ಕಡೆಯ ವೀಳ್ಯ

ಬಿಳಿಚೋಡಿನಲ್ಲಿ ವೀಳ್ಯ ಹಿಡಿದರೆ ಮಾತು ಕೊಟ್ಟ ಹಾಗೆ. ಕುರಿ ಮಾರುವಾಗಲೂ ಅದೇ, ಹೆಣ್ಣು ಕೊಡುವಾಗಲೂ ಅದೇ. ಹಾಗಾಗಿ ಎಂಬತ್ತಮೂರರ ಚುನಾವಣೆ ಹತ್ತಿರ ಬಂದಾಗ ಗಿಡ್ಡಮ್ಮನಿಗೆ ಅನ್ನ ಸೇರದಂತಾಯಿತು.

ಭಾನುವಾರ ಅವಳ ಗಂಡನ ಅಣ್ಣ ಮೂಕಪ್ಪ ಹಳೇ ಪಕ್ಷದ ಪರವಾಗಿ ಮನೆಮನೆಗೂ ವೀಳ್ಯ ಕೊಟ್ಟು ಹೋಗಿದ್ದ. ಎಲ್ಲರಂತೆ ಅವಳೂ ತಗೊಂಡಿದ್ದಳು. ಬುಧವಾರ ಜಗಳೂರಿನಿಂದ ಹೊಸ ಪಕ್ಷದ ಹಾಲೇಶಪ್ಪ ಬಂದ. ಊರಿಗೊಂದು ಸಮಿತಿ ಆಗಬೇಕು, ಅದರಲ್ಲಿ ಹೆಂಗಸರೂ ಇರಬೇಕು ಎಂದ. ಬಾವಿಕಟ್ಟೆಯ ಜಗಳ ಬಗೆಹರಿಸುವವಳು ಗಿಡ್ಡಮ್ಮ ಎಂದು ಯಾರೋ ಹೇಳಿದ್ದರು. ಅವಳ ಹೆಸರು ಬರೆದುಕೊಂಡು, ಹತ್ತು ಜನರ ಮುಂದೆ ಗಟ್ಟಿಯಾಗಿ ಓದಿ, ವೀಳ್ಯ ಚಾಚಿದ. ಹಾಗೆ ಅವಳ ಹೆಸರನ್ನು ಯಾರೂ ಓದಿರಲಿಲ್ಲ. ಕೈ ತಾನಾಗಿ ಮುಂದೆ ಹೋಯಿತು.

ಸೋಮವಾರ ಮಗಳ ನಿಶ್ಚಯ. ಗಂಡ ಇಲ್ಲದ ಮನೆ. ಬೀಗರ ವೀಳ್ಯ ಹಿಡಿಯಬೇಕಾದ ಹಿರಿಯ ಮೂಕಪ್ಪನೇ. ಎರಡು ಕಡೆ ಮಾತು ಕೊಟ್ಟವಳು ಎಂದು ಅವನು ಬರದೆ ಹೋದರೆ ಸಂಬಂಧ ಮುರಿದಂತೆಯೇ.

ಶನಿವಾರ ಬೆಳಿಗ್ಗೆ ಭಾನುವಾರದ ಎಲೆಗಳನ್ನು ಸೆರಗಿಗೆ ಕಟ್ಟಿಕೊಂಡು ಹೋದಳು.

“ಏನವ್ವ, ಸಮಿತಿಯೋರು ನಮ್ಮನೆ ತನಕ ಬಂದ್ರಿ?” ಎಂದ ಮೂಕಪ್ಪ ಜಗುಲಿಯ ಮೇಲಿಂದ.

“ನಿಮ್ಮ ವೀಳ್ಯ ವಾಪಸ್ ಕೊಡಾಕೆ ಬಂದೆ ಭಾವ. ಎರಡೂ ಇಟ್ಕಳಾಕೆ ಮನಸ್ಸು ಒಪ್ಪವಲ್ದು.”

“ಅವರದ್ದು ಕೊಡಬೋದಿತ್ತಲ್ಲ?”

ಗಿಡ್ಡಮ್ಮ ಸೆರಗಿನ ಗಂಟು ಬಿಚ್ಚಿ ಎಲೆಗಳನ್ನು ಜಗುಲಿಯ ಮೇಲಿಟ್ಟಳು. “ಅವರು ನನ್ನ ಹೆಸರು ಬರಕೊಂಡಾರೆ.”

“ಈಯಪ್ಪ ಇಪ್ಪತ್ತೈದು ವರ್ಷ ಪಕ್ಷ ಪಕ್ಷ ಅಂತ ತಿರುಗಿದ. ಕಟ್ಕೊಂಡೋಳ ಹೆಸರೇ ಬರಸಲಿಲ್ಲ,” ಎಂದಳು ಒಳಗಿನಿಂದ ಅವನ ಹೆಂಡತಿ ಅಜ್ಜಮ್ಮ.

ಮೂಕಪ್ಪ ಎಲೆ ಬಿಡಿಸಿ ನೋಡಿದ. “ಬಾಡಿ ಹೋಗೈತೆ. ಅರ್ಧ ಊರು ಎರಡೂ ಕಡೇದು ತಗೊಂಡು ಜಗಿದು ಉಗುಳೈತೆ. ತಂದು ಕೊಟ್ಟೋಳು ನೀನೊಬ್ಬಳೇ.” ಎಲೆಯನ್ನು ತೊಡೆಗೆ ಒರೆಸಿಕೊಂಡ. “ಬೀಗರು ಎಷ್ಟೊತ್ತಿಗೆ ಬರ್ತಾರೆ?”

“ಹತ್ತಕ್ಕೆ.”

“ಒಂಬತ್ತಕ್ಕೇ ಬರ್ತೀನಿ. ಅಲ್ಲಿ ಪಕ್ಷದ ಮಾತು ಬೇಡ.”

“ಇಲ್ಲ ಭಾವ.”

ಅಜ್ಜಮ್ಮ ಸುಣ್ಣದ ಡಬ್ಬಿ ಹಿಡಿದು ಹೊರಗೆ ಬಂದಳು. “ಗಿಡ್ಡಮ್ಮ, ನಿಮ್ಮ ಸಮಿತೀಲಿ ಇನ್ನೊಂದು ಹೆಸರಿಗೆ ಜಾಗ ಐತೇನು?”

ಮೂಕಪ್ಪ ಕೇಳಿಸದವನಂತೆ ಎಲೆಗೆ ಸುಣ್ಣ ಹಚ್ಚತೊಡಗಿದ. ಗಿಡ್ಡಮ್ಮನಿಗೆ ಮೂರು ದಿನದ ಹಸಿವು ಒಟ್ಟಿಗೇ ಕೆರಳಿತು. “ಅಕ್ಕ, ಮೊದಲು ಒಂದು ಮುದ್ದೆ ಇಕ್ಕು. ಆಮೇಲೆ ಹೇಳ್ತೀನಿ,” ಎಂದು ಒಳಗೆ ನಡೆದಳು.