ಸ್ಕ್ಯಾನ್‌ನಲ್ಲಿ ಕಾಣಿಸದ್ದು

ವಯಸ್ಸಿಗೆ ಬಂದ ಮಕ್ಕಳು ಕೋಣೆಯ ಬಾಗಿಲು ಹಾಕಿಕೊಂಡು ಕೂತರೆ ನಾವೆಲ್ಲ ಏನನ್ನುತ್ತೇವೆ? ಸೋಮಾರಿತನ, ಮೊಬೈಲ್ ಹುಚ್ಚು. ಪಂಕ್ಚರ್ ಅಂಗಡಿಯವನೂ ಹಾಗೇ ಅಂದುಕೊಂಡಿದ್ದ. ಅವನ ಹದಿನೇಳರ ಮಗಳು ಕಾಲೇಜು ಬಿಟ್ಟಳು, ಗೆಳತಿಯರನ್ನು ಬಿಟ್ಟಳು. ಒಂದು ದಿನ ಊಟಕ್ಕೆ ಕೂತಾಗ ಹೇಳಿದಳು:

"ಅಪ್ಪಾ, ನಲ್ಲಿ ಬಿಟ್ರೆ ನೀರಿನ ಸದ್ದಲ್ಲಿ ಯಾರೋ ನನ್ನ ಬಗ್ಗೆ ಮಾತಾಡಿದ ಹಾಗೆ ಕೇಳತ್ತೆ. ನಿಜ ಅಲ್ಲ ಅಂತ ಗೊತ್ತು. ಆದ್ರೂ ಭಯ ಆಗತ್ತೆ."

ಮರುದಿನವೇ ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋದ.

ಆಸ್ಪತ್ರೆಯಲ್ಲಿ ಮನೋವೈದ್ಯರು ಅವಳ ಮಾತನ್ನೆಲ್ಲ ಕೇಳಿ, ವಾರ ವಾರ ಬರಲು ಹೇಳಿದರು. ತಲೆಯ ಸ್ಕ್ಯಾನನ್ನೂ ಮಾಡಿಸಿದರು. ಅದರಲ್ಲಿ ಏನೂ ಕಾಣಿಸಲಿಲ್ಲ.

ಅಪ್ಪನಿಗೆ ಅಷ್ಟೇ ಸಾಕಾಯಿತು. ಟ್ಯೂಬಿಗೆ ಗಾಳಿ ತುಂಬಿ ನೀರಲ್ಲಿ ಅದ್ದಿದಾಗ ಗುಳ್ಳೆ ಏಳದಿದ್ದರೆ ತೂತಿಲ್ಲ ಎಂದು ನಂಬಿ ಬದುಕಿದವನು ಅವನು. "ತಲೆಯೊಳಗೆ ಏನೂ ಇಲ್ಲ ಅಂತ ಮಿಷನ್ನೇ ಹೇಳಿದೆ. ನಾಟಕ ಸಾಕು, ಎದ್ದು ಕಾಲೇಜಿಗೆ ಹೋಗು" ಅಂದುಬಿಟ್ಟ. ಮಗಳು ಮತ್ತೆ ಆ ಸುದ್ದಿಯನ್ನೇ ಎತ್ತಲಿಲ್ಲ. ವಾಸಿಯಾಯಿತು ಅಂದುಕೊಂಡು ಪುಣ್ಯಾತ್ಮ ನೆಮ್ಮದಿಯಾಗಿ ನಿದ್ದೆ ಮಾಡಿದ.

ಆಮೇಲೊಂದು ದಿನ ಅದೇ ಆಸ್ಪತ್ರೆಯ ನರ್ಸ್ ಗಾಳಿ ಹೋದ ಸ್ಕೂಟರ್ ತಳ್ಳಿಕೊಂಡು ಅಂಗಡಿಗೆ ಬಂದರು.

"ಅಣ್ಣ, ಮಗಳನ್ನ ಯಾಕೆ ಕರ್ಕೊಂಡು ಬರ್ತಿಲ್ಲ?"

"ಸ್ಕ್ಯಾನಲ್ಲಿ ಏನೂ ಇಲ್ವಲ್ಲ ಸಿಸ್ಟರ್. ಇಲ್ಲದ ಕಾಯಿಲೆಗೆ ಅಂಗಡಿ ಮುಚ್ಕೊಂಡು ಬರ್ಲಾ?"

"ಸ್ಕ್ಯಾನ್ ಮಾಡ್ಸಿದ್ದು ಗಡ್ಡೆಗಿಡ್ಡೆ ಇಲ್ಲ ಅಂತ ನೋಡೋಕೆ. ಅವಳ ತೊಂದ್ರೆ ಅದರಲ್ಲಿ ಕಾಣಲ್ಲ."

"ಹೀಗೆ ದನಿ ಕೇಳಿಸೋರ ಮಿದುಳಲ್ಲಿ ವ್ಯತ್ಯಾಸ ಇರತ್ತೆ ಅಂತ ಡಾಕ್ಟ್ರೇ ಅಂದಿದ್ರಲ್ಲ?"

"ಹೌದು. ಇಂಥ ನೂರಾರು ಜನರನ್ನ ಬೇರೆ ನೂರಾರು ಜನರ ಜೊತೆ ಹೋಲಿಸಿ ಸರಾಸರಿ ತೆಗೆದಾಗ, ಮಿದುಳಿನ ಮೇಲ್ಪದರ ಅಲ್ಲಲ್ಲಿ ಒಂಚೂರು ತೆಳು ಅಂತ ಸಂಶೋಧನೆ ಮಾಡಿದವರಿಗೆ ಕಂಡಿದೆ. ತೀರಾ ಸಣ್ಣ ವ್ಯತ್ಯಾಸ. ಒಬ್ಬರ ಸ್ಕ್ಯಾನ್ ಹಿಡ್ಕೊಂಡು ಇವರಿಗೆ ಮುಂದೆ ದೊಡ್ಡ ಮಾನಸಿಕ ಕಾಯಿಲೆ ಬರತ್ತೆ, ಬರಲ್ಲ ಅಂತ ಹೇಳೋಕಾಗಲ್ಲ."

ಅವನು ಕೈಯಲ್ಲಿದ್ದ ಟ್ಯೂಬನ್ನು ಕೆಳಗಿಟ್ಟ. "ಹಾಗಾದ್ರೆ ಅವಳಿಗೆ ಹುಚ್ಚು ಹಿಡಿಯತ್ತಾ?"

"ಆ ಮಾತು ಬೇಡ ಅಣ್ಣ. ಇಂಥವರಲ್ಲಿ ಹೆಚ್ಚಿನವರಿಗೆ ದೊಡ್ಡ ಕಾಯಿಲೆ ಬರೋದೇ ಇಲ್ಲ. ಕೆಲವರಿಗೆ ಬರತ್ತೆ. ಯಾರಿಗೆ ಅಂತ ಮೊದಲೇ ಗೊತ್ತಾಗಲ್ಲ. ಅದಕ್ಕೇ ಈಗಿಂದ್ಲೇ ಡಾಕ್ಟ್ರ ಜೊತೆ ಮಾತುಕತೆ, ಒಳ್ಳೆ ನಿದ್ದೆ, ಮನೆಯವರ ಆಸರೆ ಬೇಕು ಅನ್ನೋದು. ಅವಳು ಹೇಳಿದ್ರೇನೇ ನಮಗೆ ತಿಳಿಯೋದು."

"ಈಗ ಏನೂ ಹೇಳ್ತಿಲ್ಲ. ವಾಸಿ ಆಗಿದೆ."

"ನೀವು ಕೇಳಿದ್ರಾ?"

ಅವನು ಕೇಳಿರಲಿಲ್ಲ. ಸ್ಕೂಟರ್ ಸರಿಮಾಡಿ ಕೊಟ್ಟವನೇ ಅಂಗಡಿಯ ಬಾಗಿಲೆಳೆದು ಮನೆಗೆ ನಡೆದ.

ಅಡುಗೆಮನೆಯಲ್ಲಿ ಮಗಳು ಪಾತ್ರೆ ತೊಳೆಯುತ್ತಿದ್ದಳು. ನಲ್ಲಿಯ ಬಾಯಿಗೆ ಹಳೇ ಬಟ್ಟೆಯೊಂದನ್ನು ಸುತ್ತಿ ಉದ್ದಕ್ಕೆ ಇಳಿಬಿಟ್ಟಿದ್ದಳು. ನೀರು ಅದರಗುಂಟ ಸದ್ದಿಲ್ಲದೆ ಬಕೆಟ್ಟಿಗೆ ಇಳಿಯುತ್ತಿತ್ತು. ಆ ಬಟ್ಟೆಯನ್ನು ದಿನವೂ ನೋಡಿ, ನಲ್ಲಿ ಸೋರುತ್ತಿರಬೇಕು ಅಂದುಕೊಂಡು ಸುಮ್ಮನಿದ್ದವನು ಅವನು.

"ಇನ್ನೂ ಕೇಳಿಸತ್ತಾ ಪುಟ್ಟಿ?"

ಅವಳು ತಲೆ ಎತ್ತಲಿಲ್ಲ. "ಜಾಸ್ತಿ ಆಗಿದೆ. ನಾಟಕ ಅಂದ್ಯಲ್ಲ ಅಪ್ಪಾ, ಅದಕ್ಕೇ ಹೇಳೋದು ಬಿಟ್ಟೆ."

ಅಪ್ಪ ಅವಳ ಪಕ್ಕಕ್ಕೆ ಬಂದು ನಿಂತ. "ತಪ್ಪಾಯ್ತು ಕಂದ. ನಾಳೆ ಹೋಗೋಣ" ಎಂದ. ಮರುದಿನ ಅಂಗಡಿಯ ಬಾಗಿಲು ತೆರೆಯಲಿಲ್ಲ. ಅಪ್ಪ ಮಗಳ ಜೊತೆ ಅಮ್ಮನೂ ಆಸ್ಪತ್ರೆಗೆ ಹೊರಟಳು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯ ಮಗು ನಿದ್ದೆಗೆಟ್ಟು ಮಂಕಾಗಿದ್ದರೆ, ಎಲ್ಲರ ಮೇಲೂ ಅನುಮಾನ ಪಡುತ್ತಿದ್ದರೆ, ಇಲ್ಲದ ದನಿ ಕೇಳಿಸುತ್ತದೆ ಎಂದರೆ ಬೈಯಬೇಡಿ, ಮುಚ್ಚಿಡಬೇಡಿ. ಬೇಗ ಮನೋವೈದ್ಯರಿಗೆ ತೋರಿಸಿ. ಸ್ಕ್ಯಾನ್ ಚೆನ್ನಾಗಿದೆ ಎಂದು ಹೋಗುವುದನ್ನು ನಿಲ್ಲಿಸಬೇಡಿ. ಇವತ್ತೇ ಮಗುವಿನ ಪಕ್ಕ ಕೂತು, ಹೇಗಿದ್ದೀಯ ಎಂದು ಕೇಳಿ. ಉತ್ತರ ಬರುವವರೆಗೂ ಎದ್ದು ಹೋಗಬೇಡಿ.